ಹಳೆ ಮಾರುತಿಗೆ ಹೊಸ ಬುಷ್: ಮನೆಯಲ್ಲೇ ಬದಲಿಸುವ ಬಗೆ

ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಆದರೂ ಬೆಂಗಳೂರಿನ ಶ್ರೀನಗರ, ಹನುಮಂತನಗರದ ಅಡ್ಡರಸ್ತೆಗಳಲ್ಲಿ ಅದಿನ್ನೂ ಮನೆಯ ಗಾಡಿ. ಹಂಪ್ ಹತ್ತಿಳಿಯುವಾಗ ಮುಂಚಕ್ರದ ಬಳಿ ‘ದಡ್’ ಎಂದರೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆದರೆ, ಟೈರಿನ ಒಂದೇ ಅಂಚು ಸವೆದಿದ್ದರೆ ಲೋಯರ್ ಆರ್ಮ್ ಬುಷ್ ನೋಡಿ. ಬುಷ್ ಪಕ್ಕಕ್ಕೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿ. ರಬ್ಬರ್ ಬಿರುಕು ಬಿಟ್ಟಿದ್ದರೆ, ಆರ್ಮ್ ಸಡಿಲವಾಗಿ ಅಲ್ಲಾಡಿದರೆ ಬದಲಿಸಲೇಬೇಕು.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಗಾಡಿಯ ಮಾದರಿ, ವರ್ಷ ಹೇಳಿ ಎರಡೂ ಬದಿಯ ಬುಷ್ ತನ್ನಿ. ಸ್ಟೆಬಿಲೈಜರ್ ಬಾರ್ ಬುಷ್‌ಗಳನ್ನೂ ಸೇರಿಸಿಕೊಳ್ಳಿ. ಈ ಗಾಡಿಯಲ್ಲಿ ಆರ್ಮ್ ಹಿಂದೆಮುಂದೆ ಸರಿಯದಂತೆ ಹಿಡಿಯುವುದೂ ಆ ಬಾರೇ. ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ.

ನಮ್ಮ ಕಡೆಯ ರಸ್ತೆಗಳಿಗೆ ಇಳಿಜಾರು ಹೆಚ್ಚು. ಸಮತಟ್ಟಾದ, ಗಟ್ಟಿ ನೆಲ ಸಿಗದಿದ್ದರೆ ಈ ಕೆಲಸ ಬೇಡ. ಹಿಂಚಕ್ರಕ್ಕೆ ಅಡ್ಡ ಕೊಟ್ಟು, ಮುಂಭಾಗ ಎತ್ತಿ ಎರಡೂ ಬದಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಗಾಡಿಯಡಿ ಕೈಯನ್ನೂ ಹಾಕಬೇಡಿ.

ಚಕ್ರ ಬಿಚ್ಚಿ. ಬಾರ್ ತುದಿಯ ಸ್ಪ್ಲಿಟ್ ಪಿನ್, ನಟ್, ವಾಷರ್ ತೆಗೆದು, ವಾಷರ್ ಯಾವ ಮುಖವಾಗಿತ್ತೆಂದು ಫೋಟೊ ಹಿಡಿದುಕೊಳ್ಳಿ. ಬಾಲ್ ಜಾಯಿಂಟ್ ಹಿಡಿದಿರುವ ಬೋಲ್ಟ್, ಆಮೇಲೆ ಆರ್ಮ್‌ನ ಒಳಬೋಲ್ಟ್ ಬಿಚ್ಚಿದರೆ ಆರ್ಮ್ ಕೈಗೆ ಬರುತ್ತದೆ. ಬಾಲ್ ಜಾಯಿಂಟೂ ಸಡಿಲವಿದ್ದರೆ ಬುಷ್ ಒಂದಕ್ಕೇ ದುಡ್ಡು ಹಾಕಬೇಡಿ, ಇಡೀ ಆರ್ಮ್ ಬದಲಿಸಿ.

ಹಳೆ ಬುಷ್ ತಳ್ಳಲು ವೈಸ್‌ನ ಒಂದು ಕಡೆ ಸಣ್ಣ ಸಾಕೆಟ್, ಇನ್ನೊಂದು ಕಡೆ ಬುಷ್ ಒಳಹೋಗುವಷ್ಟು ದೊಡ್ಡ ಸಾಕೆಟ್ ಇಟ್ಟು ಬಿಗಿಯುತ್ತಾ ಹೋಗಿ. ಜಗ್ಗದಿದ್ದರೆ ಪ್ರೆಸ್ ಇರುವ ವರ್ಕ್‌ಶಾಪಿಗೆ ಆರ್ಮ್ ಒಯ್ಯಿರಿ. ರಬ್ಬರ್ ಸುಡುವ ಅಡ್ಡದಾರಿ ಬೇಡ, ಆ ಹೊಗೆ ವಿಷ. ಹೊಸ ಬುಷ್‌ಗೆ ಸೋಪಿನ ನೀರು ಸವರಿ ನೇರವಾಗಿ ಒತ್ತಿ. ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಗ್ಯಾರೇಜುಗಳಲ್ಲೂ ಎಷ್ಟೋ ಸಲ ತಪ್ಪುವುದು ಮುಂದಿನ ಹಂತದಲ್ಲಿ, ಆರ್ಮ್ ಮರಳಿ ಜೋಡಿಸುವಾಗ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಒಳಬೋಲ್ಟನ್ನು ಪೂರ್ತಿ ಬಿಗಿಯಬಾರದು. ಬುಷ್ ತಿರುಗುವ ಬೇರಿಂಗ್ ಅಲ್ಲ. ಒಳ ಕೊಳವೆಗೆ ಅಂಟಿದ ರಬ್ಬರೇ ತಿರುಚಿಕೊಂಡು ಆರ್ಮ್ ಮೇಲೆಕೆಳಗೆ ಆಡುತ್ತದೆ. ನೇತಾಡುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದು ಸುಮ್ಮನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ಒಳಬೋಲ್ಟನ್ನು ಮೊದಲು ಅರೆಬಿಗಿ ಮಾಡಿ. ಚಕ್ರ ಹಾಕಿ, ಗಾಡಿ ಇಳಿಸಿ, ಬಾನೆಟ್ ನಾಲ್ಕಾರು ಸಲ ಅದುಮಿ, ಭಾರ ಚಕ್ರದ ಮೇಲಿರುವಾಗಲೇ ಕೈಪಿಡಿ ಹೇಳಿದಷ್ಟು ಟಾರ್ಕ್‌ಗೆ ಬಿಗಿಯಿರಿ. ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ಅಲ್ಲಿಂದ ನಿಧಾನವಾಗಿ ಓಡಿಸಿಕೊಂಡು ನೇರ ವೀಲ್ ಅಲೈನ್‌ಮೆಂಟಿಗೆ ಹೋಗಿ.