ಕನಿಕರ ಸಾಕು, ಕಡತ ಕೊಡಿ

ನಿಮ್ಮ ಶಾಖೆಗೆ ಬಂದಿರುವ ಅಂಧ ಪ್ರಥಮ ದರ್ಜೆ ಸಹಾಯಕಿಗೆ ‘ಪಾಪ, ತೊಂದರೆ ಯಾಕೆ’ ಎಂದು ಯಾರೂ ಕಡತ ಕೊಡುತ್ತಿಲ್ಲ ಎಂದು ಬರೆದಿದ್ದೀರಿ. ಅಧೀಕ್ಷಕರಾಗಿ ನೀವು ಇದನ್ನು ಗಮನಿಸಿದ್ದು ಸಂತೋಷ. ಸಂಬಳ ಕೊಟ್ಟು ಸುಮ್ಮನೆ ಕೂರಿಸುವುದು ಅವರಿಗೆ ದಿನವೂ ಆಗುವ ಅವಮಾನ.

ಅವರಿಗೆ ಏನು ಬೇಕೆಂದು ಮೊದಲು ಅವರನ್ನೇ ಕೇಳಿ. ಪರದೆ ಓದುವ ಎನ್‌ವಿಡಿಎ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ತೊಡಕಿರುವುದು ನಮ್ಮ ಕಡತಗಳಲ್ಲೇ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಟಿಪ್ಪಣಿ ಅದರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳಿಸುತ್ತದೆ. ಸ್ಕ್ಯಾನ್ ಮಾಡಿದ ಪತ್ರವಂತೂ ಅದಕ್ಕೆ ಬರೀ ಚಿತ್ರ. ಇನ್ನು ಮುಂದೆ ಟಿಪ್ಪಣಿಗಳೆಲ್ಲ ಯೂನಿಕೋಡ್‌ನಲ್ಲೇ ಇರಬೇಕೆಂದು ಕಚೇರಿ ಮುಖ್ಯಸ್ಥರಿಂದ ಜ್ಞಾಪನ ಹೊರಡಿಸಿ. ಖರ್ಚಿಲ್ಲದ ಕೆಲಸವಿದು, ನಾಳೆಯೇ ಆಗಬಹುದು.

ಉಪಕರಣ ಕೋರಿ ಮೇಲಕ್ಕೆ ಬರೆಯುವಾಗ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಉಲ್ಲೇಖಿಸಿ. ಸೂಕ್ತ ಅನುಕೂಲ ಒದಗಿಸುವ ಹೊಣೆಯನ್ನು ಅದು ಸರ್ಕಾರಿ ಕಚೇರಿಗಳ ಮೇಲೆ ಹೊರಿಸುತ್ತದೆ.

ಸಹೋದ್ಯೋಗಿಗಳಿಗೆ ಭಾಷಣ ಬೇಡ. ಕಾರ್ಯಹಂಚಿಕೆ ಆದೇಶದಲ್ಲಿ ಒಂದು ಪೂರ್ತಿ ವಿಷಯವನ್ನು ಈ ಸಹಾಯಕಿಯ ಹೆಸರಿಗೇ ಬರೆಯಿರಿ. ಟಪಾಲು ನೇರ ಅವರ ಮೇಜಿಗೆ ಹೋಗಲಿ. ಬಾಕಿ ಉಳಿದರೆ ಉಳಿದವರನ್ನು ಕೇಳುವಂತೆಯೇ ಅವರನ್ನೂ ಕೇಳಿ. ಮಧ್ಯಾಹ್ನದ ಊಟಕ್ಕೆ ಕರೆಯುವುದನ್ನೂ ಮರೆಯಬೇಡಿ.