ಫ್ರೀಸೆಲ್: ಒಬ್ಬರೇ ಆಡುವ ಇಸ್ಪೀಟು



ಇಸ್ಪೀಟು ಎಂದ ಕೂಡಲೇ ನಮ್ಮ ಮನೆಗಳಲ್ಲಿ ಹಿರಿಯರು ಮುಖ ಸಿಂಡರಿಸುತ್ತಾರೆ. ಅದಕ್ಕೆ ಕಾರಣವೂ ಇದೆ. ಎಲೆ ಹಿಡಿದು ಹೊಲ ಮನೆ ಕಳಕೊಂಡವರ ಕಥೆ ಪ್ರತಿ ಊರಲ್ಲೂ ಒಂದಾದರೂ ಇರುತ್ತದೆ. ಆದರೆ ನಾನಿಲ್ಲಿ ಹೇಳುವ ಆಟದಲ್ಲಿ ಪಣವಿಲ್ಲ, ಎದುರಾಳಿ ಇಲ್ಲ. ಒಬ್ಬರೇ ಕೂತು ಆಡುವ ಆಟ ಇದು, ಹೆಸರು ಫ್ರೀಸೆಲ್. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ನೀವು ನೋಡಿರಬಹುದು. ನಾನು ಹೇಳುವುದು ನಿಜವಾದ ಎಲೆಗಳನ್ನು ಚಾಪೆಯ ಮೇಲೆ ಹರಡಿ ಆಡುವುದನ್ನು. ಇಟ್ಟ ಎಲೆಯನ್ನು ಹಿಂದಕ್ಕೆ ತೆಗೆಯಬಾರದು ಎಂಬುದು ನನ್ನ ನಿಯಮ.

ಎಫ್.ವೈ.ಬಿ.ಕಾಂ.ನಲ್ಲಿ ನನಗೆ ಅಕೌಂಟ್ಸಿನಲ್ಲಿ ಕೆ.ಟಿ. ಬಿತ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು, ಇಂಗ್ಲಿಷ್ ಪುಸ್ತಕ ತಲೆಗೆ ಹತ್ತುತ್ತಿರಲಿಲ್ಲ. ಆದರೂ 'ನನ್ನ ನಸೀಬೇ ಸರಿ ಇಲ್ಲ' ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೆ. ಆ ರಜೆಯಲ್ಲೇ ರೂಮಿನ ಗೆಳೆಯನೊಬ್ಬ ಈ ಆಟ ಕಲಿಸಿದ.

ಮೊದಲು ಎಲೆ ಹಂಚುವುದು. ಜೋಕರ್ ತೆಗೆದು 52 ಎಲೆಗಳನ್ನು ಚೆನ್ನಾಗಿ ಕಲಸಿ. ಎಡದಿಂದ ಬಲಕ್ಕೆ ಎಂಟು ಸಾಲುಗಳಾಗಿ, ಎಲ್ಲ ಎಲೆಗಳ ಮುಖ ಕಾಣುವಂತೆ ಹಂಚಿ. ಮೊದಲ ನಾಲ್ಕು ಸಾಲಿಗೆ ಏಳೇಳು, ಉಳಿದ ನಾಲ್ಕಕ್ಕೆ ಆರಾರು ಎಲೆ ಬರುತ್ತವೆ. ಸಾಲುಗಳ ಮೇಲ್ಗಡೆ ಎಡಕ್ಕೆ ನಾಲ್ಕು ಎಲೆ ಹಿಡಿಯುವಷ್ಟು ಜಾಗ ಬಿಡಿ. ಇವು ಖಾಲಿ ಮನೆಗಳು. ಬಲಕ್ಕೆ ಇನ್ನೂ ನಾಲ್ಕು ಜಾಗ, ಅವು ರಾಶಿಗಳು.

ಒಂದೊಂದು ಬಣ್ಣದ, ಅಂದರೆ ಆಟಿನ್, ಡೈಮಂಡ್, ಇಸ್ಪೀಟ್, ಕ್ಲಾವರ್ ಇವುಗಳ ಎಲೆಗಳನ್ನು ಎಕ್ಕದಿಂದ ಶುರುಮಾಡಿ ರಾಜನವರೆಗೆ ಅದರದರ ರಾಶಿಗೆ ಏರಿಸಬೇಕು. ನಾಲ್ಕು ರಾಶಿಯೂ ತುಂಬಿದರೆ ಗೆದ್ದಂತೆ.

ಸಾಲಿನ ತುದಿಯಲ್ಲಿರುವ ಎಲೆಯನ್ನು ಮಾತ್ರ ಎತ್ತಬಹುದು. ಅದನ್ನು ಇನ್ನೊಂದು ಸಾಲಿನ ತುದಿಗೆ ಇಡಬೇಕಾದರೆ ಒಂದು ಕಡಿಮೆ ಇರಬೇಕು, ಕೆಂಪು ಕಪ್ಪು ಬದಲಾಗಬೇಕು. ಕೆಂಪು 8ರ ಮೇಲೆ ಕಪ್ಪು 7, ಕಪ್ಪು ರಾಣಿಯ ಮೇಲೆ ಕೆಂಪು ಗುಲಾಮ, ಹೀಗೆ. ಎಲ್ಲೂ ಕೂರದ ಎಲೆಯನ್ನು ಖಾಲಿ ಮನೆಯಲ್ಲಿಡಬಹುದು, ಆದರೆ ಒಂದು ಮನೆಗೆ ಒಂದೇ ಎಲೆ. ಒಂದು ಸಾಲು ಪೂರ್ತಿ ಬರಿದಾದರೆ ಅಲ್ಲಿ ಯಾವ ಎಲೆಯನ್ನಾದರೂ ಇಡಬಹುದು.

ನಿಯಮ ಇಷ್ಟೇ. ಆದರೆ ಮೊದಲ ವಾರ ನಾನು ಒಂದು ಆಟವನ್ನೂ ಗೆಲ್ಲಲಿಲ್ಲ. ಎಕ್ಕ ಕಂಡ ಕೂಡಲೇ ಅದರ ಮೇಲಿನ ಎಲೆಗಳನ್ನೆಲ್ಲ ಮನೆಗಳಿಗೆ ತುಂಬಿಬಿಡುತ್ತಿದ್ದೆ. ಎಕ್ಕ ಸಿಗುತ್ತಿತ್ತು, ಆಟ ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ಉದಾಹರಣೆ ನೋಡಿ. ಆಟಿನ್ ಎಕ್ಕದ ಮೇಲೆ ಕ್ಲಾವರ್ 9, ಅದರ ಮೇಲೆ ಡೈಮಂಡ್ 4, ತುದಿಯಲ್ಲಿ ಇಸ್ಪೀಟ್ ಗುಲಾಮ ಇದ್ದಾನೆ. ಮೂರನ್ನೂ ಮನೆಗೆ ಹಾಕಿದರೆ ಉಳಿಯುವುದು ಒಂದೇ ಮನೆ. ಸ್ವಲ್ಪ ತಡೆದು ಬೇರೆ ಸಾಲುಗಳ ತುದಿ ನೋಡಿ. ಒಂದು ಕಡೆ ಕೆಂಪು ರಾಣಿ ಇದ್ದರೆ ಗುಲಾಮ ಅಲ್ಲಿ ಕೂತ. ಇನ್ನೊಂದು ಕಡೆ ಕಪ್ಪು 5 ಇದ್ದರೆ 4 ಅಲ್ಲಿಗೆ ಹೋಯಿತು. ಮನೆಗೆ ಹೋದದ್ದು 9 ಮಾತ್ರ. ಮುಂದೆ ಯಾವಾಗಲಾದರೂ ಕೆಂಪು 10 ತುದಿಗೆ ಬಂದರೆ ಆ ಮನೆಯೂ ಬಿಡುಗಡೆ!

ಖಾಲಿ ಮನೆಯ ಬೆಲೆಗೆ ಲೆಕ್ಕವೇ ಇದೆ. ಎಲೆಗಳನ್ನು ಒಂದೊಂದಾಗಿಯೇ ಸಾಗಿಸಬೇಕಾದ್ದರಿಂದ, ಇಳಿಕೆಯ ಕ್ರಮದಲ್ಲಿ ಕೂತ ಎಷ್ಟು ಎಲೆಗಳನ್ನು ಸಾಲಿನಿಂದ ಸಾಲಿಗೆ ಒಯ್ಯಬಹುದು ಎಂಬುದು ಖಾಲಿ ಮನೆಗಳ ಮೇಲೆ ನಿಂತಿದೆ. ಖಾಲಿ ಮನೆಗಳಿಗೆ ಒಂದು ಕೂಡಿಸಿದರೆ ಆ ಸಂಖ್ಯೆ ಸಿಗುತ್ತದೆ. ಎರಡು ಮನೆ ಖಾಲಿ ಇದ್ದರೆ ಮೂರು ಎಲೆ, ನಾಲ್ಕೂ ಖಾಲಿ ಇದ್ದರೆ ಐದು. ಜೊತೆಗೆ ಒಂದು ಸಾಲು ಬರಿದಾಗಿದ್ದರೆ ಅದರ ಇಮ್ಮಡಿ, ಅಂದರೆ ಮೂರರ ಬದಲು ಆರು. (ಆ ಬರಿದಾದ ಸಾಲಿಗೇ ಒಯ್ಯುವುದಾದರೆ ಈ ಇಮ್ಮಡಿ ಇಲ್ಲ.) ಆದ್ದರಿಂದ ಎಲೆ ಕಡಿಮೆ ಇರುವ ಸಾಲನ್ನು ಬೇಗ ಬರಿದು ಮಾಡುವುದು ಜಾಣತನ.

'ಲಿಕ್ವಿಡಿಟಿ' ಎಂಬ ಶಬ್ದ ನನಗೆ ಅರ್ಥವಾದದ್ದು ಇಲ್ಲಿ. ಅಂಗಡಿಯಲ್ಲಿ ಮಾಲು ತುಂಬಿದೆ, ಗಲ್ಲಾದಲ್ಲಿ ರೊಕ್ಕ ಇಲ್ಲ, ಅಂದರೆ ವ್ಯಾಪಾರ ಮುಂದೆ ಸಾಗದು. ಮನೆ ನಾಲ್ಕೂ ತುಂಬಿದ ಆಟದ ಸ್ಥಿತಿಯೂ ಅದೇ ಅಲ್ವಾ? ಪುಸ್ತಕದ ವ್ಯಾಖ್ಯೆ ಬಾಯಿಪಾಠ ಮಾಡಿದಾಗ ತಿಳಿಯದ್ದು ಚಾಪೆಯ ಮೇಲೆ ತಿಳಿಯಿತು.

ಈ ಆಟದ ಹಿಂದಿನ ಕಥೆಯೂ ಸ್ವಾರಸ್ಯದ್ದು. ಮಾರ್ಟಿನ್ ಗಾರ್ಡ್ನರ್ 1968ರಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬೇಕರ್ಸ್ ಗೇಮ್ ಎಂಬ ಆಟದ ಬಗ್ಗೆ ಬರೆದಿದ್ದರು. ಅದರಲ್ಲಿ ಅದೇ ಬಣ್ಣದ ಎಲೆಯ ಮೇಲೆಯೇ ಇಡಬೇಕಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಪಾಲ್ ಆಲ್ಫಿಲ್ ಎಂಬ ವೈದ್ಯಕೀಯ ವಿದ್ಯಾರ್ಥಿ ಅದನ್ನು ಕೆಂಪು ಕಪ್ಪಿನ ನಿಯಮಕ್ಕೆ ಬದಲಿಸಿ 1978ರಲ್ಲಿ ಪ್ಲೇಟೋ ಎಂಬ ಕಂಪ್ಯೂಟರಿಗೆ ಅಳವಡಿಸಿದರು. ಮುಂದೆ ಮೈಕ್ರೋಸಾಫ್ಟಿಗಾಗಿ ಜಿಮ್ ಹಾರ್ನ್ ಬರೆದ ಆವೃತ್ತಿ 1995ರ ವಿಂಡೋಸ್ ಜೊತೆ ಬಂದು ಮನೆಮನೆ ಸೇರಿತು. ಅದರಲ್ಲಿ 1ರಿಂದ 32,000ದವರೆಗೆ ನಂಬರು ಹಾಕಿದ ಹಂಚಿಕೆಗಳಿದ್ದವು. ಅಷ್ಟರಲ್ಲಿ ಗೆಲ್ಲಲಾಗದ್ದು ಒಂದೇ ಒಂದು, ನಂಬರು 11982.

ನನ್ನನ್ನು ತಟ್ಟಿದ್ದು ಈ ಸಂಗತಿ. ರಮ್ಮಿಯಲ್ಲಿ ಒಳ್ಳೆಯ ಎಲೆ ಬರಲಿಲ್ಲ ಎನ್ನಬಹುದು. ಇಲ್ಲಿ 52 ಎಲೆಯೂ ಮೊದಲಿನಿಂದಲೇ ಕಣ್ಣೆದುರು ಇವೆ, ಮುಚ್ಚಿಟ್ಟದ್ದು ಏನೂ ಇಲ್ಲ. ಸೋತರೆ ಹೆಚ್ಚುಕಡಿಮೆ ಯಾವಾಗಲೂ ತಪ್ಪು ನಮ್ಮದೇ. ನನ್ನ ಅಕೌಂಟ್ಸ್ ಪೇಪರಿನ ಪಠ್ಯಕ್ರಮವೂ ವರ್ಷದ ಮೊದಲ ದಿನವೇ ಕೈಯಲ್ಲಿತ್ತು. ಅರ್ಥವಾಗದ ಪಾಠಗಳನ್ನೆಲ್ಲ 'ಆಮೇಲೆ ನೋಡೋಣ' ಅಂತ ಮನೆಗಳಿಗೆ ತುಂಬಿದವನು ನಾನೇ. ಮುಂದಿನ ಸಲ ಹಾಗೆ ಮಾಡಲಿಲ್ಲ, ಕೆ.ಟಿ. ಬಿಡಿಸಿಕೊಂಡೆ.

11982ರಂಥ ಹಂಚಿಕೆ ಬಾಳಿನಲ್ಲಿ ಕೆಲವರಿಗೆ ನಿಜವಾಗಿ ಬಂದಿರಬಹುದು, ಅವರನ್ನು ಹಗುರವಾಗಿ ಆಡಿಕೊಳ್ಳುವುದು ಬೇಡ. ಆದರೆ ನಮ್ಮದೂ ಅದೇ ಎಂದು ಎಲೆ ಮಡಿಚುವ ಮೊದಲು ಎಂಟೂ ಸಾಲುಗಳನ್ನು ಇನ್ನೊಮ್ಮೆ ನೋಡೋಣ.

ಸಂಘದ ಕೋಣೆಯಲ್ಲಿ ಒಂದು ಕಟ್ಟು ಎಲೆ ಇಟ್ಟಿದ್ದೇನೆ. ಬನ್ನಿ, ಆಡಿ. ಮೊದಲ ಎಲೆ ಎತ್ತುವ ಮುನ್ನ ಮಾತ್ರ ಐದು ನಿಮಿಷ ಸುಮ್ಮನೆ ನೋಡಿ.