ವಾಸ್ತುಶಿಲ್ಪಿಯ ಅಳತೆ, ಕ್ಯುರೇಟರನ ದಾಖಲೆ: ಜಾರ್ಜ್ ಮಿಚೆಲ್ ಕುರಿತ ಒಂದು ಪಾಠ

ತರಗತಿ: 9
ವಿಷಯ: ಸಮಾಜ ವಿಜ್ಞಾನ
ಅವಧಿ: 40 ನಿಮಿಷ, ನಂತರ ಹೊರಾಂಗಣ ಚಟುವಟಿಕೆ

ಉದ್ದೇಶಗಳು
1. ಕ್ಯುರೇಟರನ ಕೆಲಸವೇನೆಂದು ವಿದ್ಯಾರ್ಥಿಯು ತನ್ನ ಮಾತಿನಲ್ಲಿ ಹೇಳುವನು.
2. ಹಾಳುಬಿದ್ದ ಕಟ್ಟಡಕ್ಕೂ ದಾಖಲೆ ಏಕೆ ಬೇಕೆಂದು ವಿವರಿಸುವನು.
3. ತನ್ನೂರಿನ ಒಂದು ಹಳೆಯ ಕಟ್ಟಡವನ್ನು ಅಳೆದು ನಕ್ಷೆ ಬರೆಯುವನು.

ಪೀಠಿಕೆ
ಸೊನ್ನದ ಮಕ್ಕಳಿಗೆ ಭೀಮಾ ನದಿಯೂ ಬ್ಯಾರೇಜೂ ಚಿರಪರಿಚಿತ. ಆದ್ದರಿಂದ ಪಾಠವನ್ನು ಹೊಳೆಯಿಂದಲೇ ಆರಂಭಿಸಬಹುದು. "ಬ್ಯಾರೇಜಿನಿಂದ ಬಿಟ್ಟ ನೀರು ಮುಂದೆ ಯಾವ ಊರುಗಳನ್ನು ಮುಟ್ಟುತ್ತದೆ?" ಎಂದು ಕೇಳಿದರೆ ಘತ್ತರಗಿ, ಗಾಣಗಾಪುರದ ಹೆಸರು ತಾವಾಗಿಯೇ ಬರುತ್ತವೆ. ಇನ್ನೂ ಕೆಳಗೆ, ಹೊಳೆಯ ಎಡದಂಡೆಯಲ್ಲಿ ಫಿರೋಜಾಬಾದ್ ಇದೆ. "ಅಲ್ಲಿಯ ಕೋಟೆಗೋಡೆ ಯಾರದು?" ಎಂಬ ಪ್ರಶ್ನೆಯಿಂದ ವಿಷಯಕ್ಕೆ ಬರಬೇಕು.

ವಿಷಯ ನಿರೂಪಣೆ
1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಷಾ ಸುಮಾರು 1400ರಲ್ಲಿ ಈ ನಗರ ಕಟ್ಟಿಸಿದನು. ಜಾಮಿ ಮಸೀದಿ, ಅರಮನೆಯ ಆವರಣ, ಗುಮ್ಮಟದ ಸ್ನಾನಗೃಹಗಳು ಅಲ್ಲಿದ್ದವು. ಅವನ ತಮ್ಮ ಅಹಮದ್ ಷಾ ಪಟ್ಟಕ್ಕೆ ಬಂದ ಮೇಲೆ ರಾಜಧಾನಿ ಬೀದರಿಗೆ ಹೋಯಿತು, ಫಿರೋಜಾಬಾದ್ ಹಾಳೂರಾಯಿತು. ಈ ಊರಿನ ಬಗ್ಗೆ 1992ರಲ್ಲಿ ಒಂದು ಇಡೀ ಪುಸ್ತಕ ಪ್ರಕಟವಾಯಿತು. ಬರೆದವರು ಇಬ್ಬರು: ಇತಿಹಾಸಕಾರ ರಿಚರ್ಡ್ ಈಟನ್ ಮತ್ತು ವಾಸ್ತುಶಿಲ್ಪಿ ಜಾರ್ಜ್ ಮಿಚೆಲ್.

ಮಿಚೆಲ್ ಆಸ್ಟ್ರೇಲಿಯಾದವರು. ಮೆಲ್ಬರ್ನಿನಲ್ಲಿ ವಾಸ್ತುಶಿಲ್ಪ ಕಲಿತರು. ಹೊಸ ಮನೆ ಕಟ್ಟಿಸುವ ದಾರಿ ಹಿಡಿಯದೆ ಲಂಡನ್ನಿಗೆ ಹೋಗಿ ಭಾರತೀಯ ಪುರಾತತ್ವದಲ್ಲಿ ಡಾಕ್ಟರೇಟ್ ಪಡೆದರು. ಅವರು ಮೊದಲು ಅಧ್ಯಯನ ಮಾಡಿದ್ದು ನಮ್ಮ ಚಾಲುಕ್ಯರ ದೇವಾಲಯಗಳನ್ನು. 1982ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ಭಾರತದ ಶಿಲ್ಪ ಮತ್ತು ಚಿತ್ರಗಳ ದೊಡ್ಡ ಪ್ರದರ್ಶನ ನಡೆದಾಗ ಅದನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಹೀಗೆ ವಾಸ್ತುಶಿಲ್ಪಿ ಕ್ಯುರೇಟರನ ಕೆಲಸಕ್ಕೆ ಬಂದರು.

ಕ್ಯುರೇಟರ್ ಏನು ಮಾಡುತ್ತಾನೆ? ವಸ್ತುವನ್ನು ಗುರುತಿಸಿ ಸಂಖ್ಯೆ ಕೊಡುತ್ತಾನೆ, ವಿವರ ಬರೆಯುತ್ತಾನೆ, ಕಾಪಾಡುತ್ತಾನೆ, ನೋಡುವವರಿಗೆ ಅರ್ಥವಾಗುವಂತೆ ಇಡುತ್ತಾನೆ. ಮಿಚೆಲ್ ಇದೇ ಶಿಸ್ತನ್ನು ಹಂಪಿಯಲ್ಲಿ ಬಯಲಿಗೆ ತಂದರು. 1980ರ ದಶಕದಿಂದ ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಜೊತೆಗೂಡಿ, ವಾಸ್ತುಶಿಲ್ಪ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವರ್ಷವರ್ಷವೂ ಕಟ್ಟಡಗಳನ್ನು ಅಳೆದರು. ನಗರದ ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೆ ಅಕ್ಷರ, ಅದರೊಳಗಿನ ಪ್ರತಿ ಕಟ್ಟಡಕ್ಕೆ ಸಂಖ್ಯೆ ಕೊಟ್ಟರು. ಹೆಸರಾದ ಕಮಲ ಮಹಲಿಗೆ ಒಂದು ಸಂಖ್ಯೆಯಾದರೆ, ಹೆಸರಿಲ್ಲದ ಪುಟ್ಟ ಗುಡಿಗೂ ಒಂದು ಸಂಖ್ಯೆ. ನಗರದ ಮಧ್ಯಭಾಗದ ಕಟ್ಟಡಗಳ ಪಟ್ಟಿ 1990ರಲ್ಲಿ ಮೈಸೂರಿನ ಪುರಾತತ್ವ ನಿರ್ದೇಶನಾಲಯದಿಂದ ಪುಸ್ತಕವಾಗಿ ಬಂತು.

ಪಾಠದ ಮುಖ್ಯ ಅಂಶ ಇಲ್ಲಿದೆ. ಕಪ್ಪುಹಲಗೆಯ ಮೇಲೆ ಬರೆಯಿರಿ: ಹೋದದ್ದು ಎಷ್ಟು ಎಂದು ತಿಳಿಯಬೇಕಾದರೆ ಇದ್ದದ್ದು ಎಷ್ಟು ಎಂದು ಬರೆದಿಟ್ಟಿರಬೇಕು. ವಸ್ತುಸಂಗ್ರಹಾಲಯದ ಮೂರ್ತಿ ಕಾಣೆಯಾದರೆ ದಾಖಲೆ ಪುಸ್ತಕ ಹೇಳುತ್ತದೆ. ಊರಿನ ಅಗಸಿಯ ಕಲ್ಲು ಯಾರದೋ ಮನೆಯ ಬುನಾದಿಗೋ ಹೊಲದ ಒಡ್ಡಿಗೋ ಹೋದರೆ ಹೇಳುವವರಾರು? ಹತ್ತು ವರ್ಷ ಕಳೆದರೆ ಅಲ್ಲಿ ಅಗಸಿ ಇತ್ತೆಂಬುದೇ ಮರೆತುಹೋಗುತ್ತದೆ.

ಚಟುವಟಿಕೆ
ಅಗಸಿ, ಹುಡೇವು, ಹಳೆಯ ಗುಡಿ, ದರ್ಗಾದ ಗೋಡೆ, ಹತ್ತಿರವಿರುವ ಯಾವುದಾದರೂ ಒಂದನ್ನು ಆರಿಸಿ. ನಾಲ್ವರ ಗುಂಪು ಮಾಡಿ: ಇಬ್ಬರು ಟೇಪು ಹಿಡಿಯಲಿ, ಒಬ್ಬರು ಅಂಕಿ ಬರೆಯಲಿ, ಒಬ್ಬರು ಚೌಕುಳಿ ಕಾಗದದಲ್ಲಿ ನಕ್ಷೆ ತೆಗೆಯಲಿ. ಒಂದು ಚೌಕ ಅರ್ಧ ಮೀಟರಿಗೆ ಸಮ.

ಎತ್ತರ ತಿಳಿಯಲು ಗೋಡೆ ಹತ್ತಬೇಕಾಗಿಲ್ಲ, ನೆರಳು ಸಾಕು. 1 ಮೀಟರ್ ಕೋಲಿನ ನೆರಳು 80 ಸೆಂ.ಮೀ. ಇದ್ದಾಗ ಸಮನೆಲದ ಮೇಲೆ ಗೋಡೆಯ ನೆರಳು 4 ಮೀಟರ್ ಬಿದ್ದರೆ, ಗೋಡೆಯ ಎತ್ತರ 5 ಮೀಟರ್. ಎರಡೂ ನೆರಳನ್ನು ಒಂದೇ ಹೊತ್ತಿನಲ್ಲಿ ಅಳೆಯಬೇಕು. ಗಣಿತದ ಅನುಪಾತ ಇಲ್ಲಿ ಕೈಗೆ ಸಿಗುತ್ತದೆ.

ಕೊನೆಗೆ ಕಟ್ಟಡಕ್ಕೆ ಒಂದು ಸಂಖ್ಯೆ ಕೊಟ್ಟು, ಅಳತೆ, ದಿನಾಂಕ, ಈಗಿನ ಸ್ಥಿತಿ, ಊರಿನ ಹಿರಿಯರು ಹೇಳಿದ ಹೆಸರು ಇವನ್ನು ಒಂದು ವಹಿಯಲ್ಲಿ ಬರೆಸಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ: ಮಕ್ಕಳು ಸಡಿಲ ಕಲ್ಲಿನ ಮೇಲೆ ಹತ್ತದಂತೆ, ಬಾವಿಗೆ ಇಳಿಯದಂತೆ ನೋಡಿಕೊಳ್ಳಿ. ಗೋಡೆಯ ಮೇಲೆ ಸುಣ್ಣದಿಂದಲೂ ಗುರುತು ಹಾಕಬಾರದು. ಹಿರಿಯರ ಮಾತನ್ನೂ ಅಳತೆಯನ್ನೂ ಬೇರೆ ಬೇರೆ ಕಲಮಿನಲ್ಲಿ ಬರೆಸಿ; ಎರಡೂ ಬೇಕು, ಆದರೆ ಬೆರೆಯಬಾರದು.

ಮೌಲ್ಯಮಾಪನ
1. ಹೆಸರಿಲ್ಲದ ಗುಡಿಗೂ ಸಂಖ್ಯೆ ಕೊಟ್ಟದ್ದೇಕೆ?
2. ವಾಸ್ತುಶಿಲ್ಪ ಕಲಿತದ್ದು ಮಿಚೆಲ್ ಅವರಿಗೆ ಎಲ್ಲಿ ನೆರವಾಯಿತು?
3. ಫಿರೋಜಾಬಾದ್ ಹಾಳೂರಾಗಲು ಕಾರಣವೇನು?

ಮನೆಗೆಲಸ
ನಿಮ್ಮ ಓಣಿಯ ಹಳೆಯ ಬಾಗಿಲೊಂದರ ಅಗಲ, ಎತ್ತರ ಅಳೆದು ಚಿತ್ರ ಬರೆದು ತನ್ನಿರಿ. ಈ ಹಾಳೆಗಳನ್ನು ಶಾಲೆಯ ವಹಿಗೆ ಸೇರಿಸಿ. ಮುಂದಿನ ವರ್ಷದ ತರಗತಿ ಅದೇ ಬಾಗಿಲುಗಳನ್ನು ಮತ್ತೆ ಅಳೆಯಲಿ.